ಗೇನ್ ಕಮ್ಮಿ ಮಾಡಿದ ಮೇಲೆ ಬಂದ 5 ವ್ಯಾಟ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ನಾನೇ ಕಟ್ಟಿದ ಹ್ಯಾಮ್ (ಹವ್ಯಾಸಿ) ರೇಡಿಯೋ ಟ್ರಾನ್ಸ್‌ಮಿಟರಿನಿಂದ ಈಗ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) 5 ವ್ಯಾಟ್ ಹೋಗುತ್ತಿದೆ. ಸಿಗ್ನಲ್ ಬೆಳೆಸುವ ಕೊನೆಯ ಎರಡು ಸ್ಟೇಜುಗಳಲ್ಲಿ ಮೊದಲಿನ ಡ್ರೈವರ್ ಬಿಡಿ139 ಟ್ರಾನ್ಸಿಸ್ಟರ್, ಕೊನೆಯ ಫೈನಲ್ ಐಆರ್‌ಎಫ್510 ಮಾಸ್‌ಫೆಟ್. ಎಲ್ಲಾ ಮುಂಬೈನ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿನ ಮಾಲು. "ಅದು ಆನ್-ಆಫ್ ಸ್ವಿಚಿಂಗ್‌ಗೆ ಮಾಡಿದ ಮಾಸ್‌ಫೆಟ್ ತಮ್ಮಾ, ಸುಮ್ನೆ ದುಡ್ಡು ಸುಡಬೇಡ" ಅಂತ ಹಿರಿಯ ಹ್ಯಾಮ್ ಒಬ್ಬರು ಎರಡು ಸಲ ಹೇಳಿದ್ದರು.

ದುಡ್ಡು ಸುಟ್ಟಿದ್ದು ನಿಜವೇ. ಏಳು ಮಾಸ್‌ಫೆಟ್ ಹೋದವು, ಒಂದಕ್ಕೆ 40-50 ರೂಪಾಯಿ. ಮೂರು ನಕಲಿ. ಥಿನ್ನರ್ ಹಚ್ಚಿ ಉಜ್ಜಿದರೆ ಮೇಲಿನ ಅಕ್ಷರವೇ ಅಳಿಸಿಹೋಯಿತು. ಉಳಿದ ನಾಲ್ಕು ನನ್ನ ಕೈಯಲ್ಲೇ ಸತ್ತವು. ಬಯಾಸ್, ಅಂದರೆ ಮಾಸ್‌ಫೆಟ್‌ನ ಗೇಟಿಗೆ ಕೊಡುವ ಸ್ಥಿರ ವೋಲ್ಟೇಜ್, ಮೆಲ್ಲಗೆ ಏರಿಸುತ್ತಿದ್ದೆ. 100 ಮಿಲಿಆಂಪ್ ಹತ್ತಿರ ಬಂದಾಗ ಮೀಟರಿನ ಮುಳ್ಳು ಒಮ್ಮೆಲೇ 2 ಆಂಪಿಗೆ ಹಾರುತ್ತಿತ್ತು. ಇನ್‌ಪುಟ್ ಬಿಚ್ಚಿಟ್ಟಿದ್ದರೂ ಆಂಟೆನಾ ಬದಲಿಗೆ ಹಾಕುವ ಡಮ್ಮಿ ಲೋಡ್ ಕೈ ಇಡಲಾರದಷ್ಟು ಬಿಸಿ. ಇಪ್ಪತ್ತು 1 ಕಿಲೋಓಮ್ ರೆಸಿಸ್ಟರ್ ಒಟ್ಟಿಗೆ ಬೆಸೆದು ಮಾಡಿದ ಲೋಡ್ ಅದು. ಸ್ಟೇಜು ತಾನಾಗಿಯೇ ಸಿಗ್ನಲ್ ಹುಟ್ಟಿಸಿಕೊಳ್ಳುವ ಆಸಿಲೇಶನ್ ಅಲ್ಲದೆ ಇನ್ನೇನು?

ತಪ್ಪಿದ್ದದ್ದು ಫೈನಲ್‌ನಲ್ಲಿ ಅಲ್ಲ. ಒಂದೊಂದು ಸ್ಟೇಜಿನಿಂದಲೂ 25 ಡಿಬಿ ಗೇನ್ (ಪವರ್ ಸುಮಾರು 300 ಪಟ್ಟು ಬೆಳೆಯೋದು) ಹಿಂಡಲು ಹೊರಟಿದ್ದೆ. ಡ್ರೈವರ್ ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದೆ. ಎಮಿಟರ್‌ನಲ್ಲಿ ಬೈಪಾಸ್ ಇಲ್ಲದ 10 ಓಮ್, ಔಟ್‌ಪುಟ್ಟಿನ ಒಂದು ಪಾಲು ಇನ್‌ಪುಟ್ಟಿಗೆ ವಾಪಸ್ ಬರುವಂತೆ ಕಲೆಕ್ಟರ್‌ನಿಂದ ಬೇಸ್‌ಗೆ ಫೀಡ್‌ಬ್ಯಾಕ್, ಸಿಗ್ನಲ್ ಇಲ್ಲದಾಗಲೂ 50 ಮಿಲಿಆಂಪ್ ಕರೆಂಟ್. ಗೇನ್ 15 ಡಿಬಿ (ಸುಮಾರು 30 ಪಟ್ಟು) ಆಸುಪಾಸಿಗೆ ಇಳಿಯಿತು, ಆಸಿಲೇಶನ್ನಿನ ಕಿರುಚಾಟ ನಿಂತಿತು. ಹೈದರಾಬಾದಿನ ಅಶರ್ ಫರ್ಹಾನ್ ಅವರ ಬಿಟ್‌ಎಕ್ಸ್ ಅನ್ನೋ, ಮನೆಯಲ್ಲೇ ಕಟ್ಟಬಹುದಾದ ರೇಡಿಯೋದಲ್ಲೂ ಇರೋದು ಇಂಥ ಫೀಡ್‌ಬ್ಯಾಕ್ ಸ್ಟೇಜುಗಳೇ ಅಲ್ವಾ? ವರ್ಷಗಟ್ಟಲೆ ಆ ಸರ್ಕ್ಯೂಟ್ ನೋಡಿದ್ದೆ, ಹೊಳೆದಿರಲಿಲ್ಲ.

ಈಗ ಪ್ರತಿ ಸ್ಟೇಜನ್ನೂ 50 ಓಮ್‌ಗೆ ಬೇರೆ ಬೇರೆ ಅಳೆದ ಮೇಲೆಯೇ ಜೋಡಿಸುತ್ತೇನೆ. ಗೇಟಿಗೆ 10 ಓಮ್ ಸೀರೀಸ್. ಬೈಪಾಸ್ ಕೆಪ್ಯಾಸಿಟರ್ ಕಾಲುಗಳನ್ನು ಬುಡಕ್ಕೇ ಕತ್ತರಿಸಿ ತಾಮ್ರದ ಬೋರ್ಡಿಗೆ ನೇರ ಬೆಸುಗೆ. ಡ್ರೈವರ್, ಫೈನಲ್ ನಡುವೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಹಾರದ ಹಾಗೆ ತುಪ್ಪದ ಡಬ್ಬಿಯ ತಗಡು ನಿಲ್ಲಿಸಿದ್ದೇನೆ. 12 ವೋಲ್ಟಿನಲ್ಲಿ 5 ವ್ಯಾಟ್ ಬೇಕಂದರೆ ಡ್ರೈನ್ (ಮಾಸ್‌ಫೆಟ್‌ನ ಔಟ್‌ಪುಟ್ ಕಾಲು) ನೋಡಬೇಕಾದ ಲೋಡ್ 14 ಓಮ್ ಚಿಲ್ಲರೆ, ಆಚೆ ಕಡೆ ಇರೋದು 50 ಓಮ್, ಹಾಗಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 1:2 ಸುತ್ತು. ಅದರ ಕೋರ್ ಯಾವುದು, ತಂತಿ ಹೇಗೆ ಹೆಣೆದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಧ್ಯೆ ಒಂದು ಭಾನುವಾರ ಡ್ರೈನಿಗೆ ಮಾತ್ರ 24 ವೋಲ್ಟ್ ಕೊಟ್ಟು ನೋಡಿದೆ. 12 ವ್ಯಾಟ್ ಹತ್ತಿರ ಬಂತು. ಆದರೆ ಕರೆಂಟ್ ತಡೆಯುವ ಮೈಕಾ ಹಾಳೆ ಹರಿದು, ಡ್ರೈನಿಗೇ ಸೇರಿದ ಮಾಸ್‌ಫೆಟ್‌ನ ಲೋಹದ ಟ್ಯಾಬ್ ಹೀಟ್‌ಸಿಂಕ್‌ಗೆ ತಾಗಿತು, ಸಪ್ಲೈ ಫ್ಯೂಸ್ ಹೋಯಿತು. ಫ್ಯಾನ್ ಹಾಕಿ ಮತ್ತೆ ಮಾಡುತ್ತೇನೆ.

12 ವೋಲ್ಟಿನಲ್ಲಿ ಡಯೋಡ್ ಪ್ರೋಬ್ ಈಗ 50 ಓಮ್ ಲೋಡ್ ಮೇಲೆ 22 ವೋಲ್ಟ್ ಪೀಕ್ ತೋರಿಸುತ್ತದೆ, ಅಂದರೆ ಹತ್ತಿರಹತ್ತಿರ 5 ವ್ಯಾಟ್. ಸುಟ್ಟದ್ದೂ ಸೇರಿ ಖರ್ಚು 900 ದಾಟಿರಲಿಕ್ಕಿಲ್ಲ. ಮೊನ್ನೆ ಬೆಳಿಗ್ಗೆ ಧಾರವಾಡದವರೊಬ್ಬರು ರೇಡಿಯೋದಲ್ಲಿ ಸಿಕ್ಕರು. "ಛಲೋ ಕೇಳಾಕತ್ತೈತಿ ರೀ, ಯಾವ ಕಂಪನಿ ರಿಗ್ಗು?" ಅಂದರು. ಮನೇಲಿ ಕಟ್ಟಿದ್ದು ಅಂದೆ. ಅವರು ನಂಬದೆ ಇನ್ನೊಂದು ಸಲ ಕೇಳಿದರು.