ಐದನೇ ಮಿಷನ್ ಬೇಕಾಗಲಿಲ್ಲ

"ಆಗಲ್ಲ ಬುಡು" ಅಂದಿದ್ದವರೇ ಈಗ ಫೋನ್ ಮಾಡಿ, "ಆ ಸೊಂಡಿಲು ಯಾವ ಅಳತೆಗೆ ಮಾಡಿಸ್ದೆ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ನಾನು ಎಸಿ ಕೆಲಸದವನು, ಸೊಂಡಿಲು ಅಂದರೆ ಎಸಿಯ ಬಿಸಿಗಾಳಿಯನ್ನು ಆಚೆ ಎಸೆಯಲು ನಾನು ಮಾಡಿಸಿದ ಶೀಟಿನ ಬೆಂಡ್. ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ಮಂಡ್ಯದ ಹತ್ತಿರ ಒಂದು ಕಲ್ಯಾಣ ಮಂಟಪ. ಹೆಸರು ಬೇಡ. 11 ಟನ್‌ನ (ಟನ್ ಅಂದರೆ ತಂಪು ಮಾಡೋ ಶಕ್ತಿಯ ಲೆಕ್ಕ) ಡಕ್ಟಬಲ್ ಎಸಿ ನಾಲ್ಕು, ಅಂದರೆ ಡಕ್ಟ್ ಮೂಲಕ ತಂಪುಗಾಳಿ ಹಂಚೋವು. ಒಂದೊಂದಕ್ಕೂ ಐದೂವರೆ ಟನ್‌ನ ಎರಡೆರಡು ಔಟ್‌ಡೋರ್, ಅಂದರೆ ಕಟ್ಟಡದ ಹೊರಗಿದ್ದು ಬಿಸಿ ಹೊರಹಾಕೋ ಡಬ್ಬ. ಒಟ್ಟು 44 ಟನ್, ಎಲ್ಲಾ ಆರ್-22 ಗ್ಯಾಸಿನವು. ಹಾಲ್‌ನಲ್ಲಿ ಕೂರೋದು 600 ಜನ. ಲೆಕ್ಕಕ್ಕೆ ಸಾಕು, ಸ್ವಲ್ಪ ಜಾಸ್ತಿಯೇ. ಆದರೂ ಮೂರು ವರ್ಷದಿಂದ ಬೇಸಿಗೆಯ ಒಂದು ಮದುವೆಯೂ ಅಲ್ಲಿ ತಣ್ಣಗೆ ಮುಗಿದಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹಾಲ್ ಚೆನ್ನಾಗಿರುತ್ತಿತ್ತು. ಹತ್ತೂವರೆ ಮುಹೂರ್ತಕ್ಕೆ ಒಂದು ಔಟ್‌ಡೋರ್ ಎಚ್‌ಪಿ ಟ್ರಿಪ್, ಅಂದರೆ ಗ್ಯಾಸಿನ ಒತ್ತಡ ಮಿತಿ ಮೀರಿ ತಾನೇ ಆಫ್. ಊಟದ ಹೊತ್ತಿಗೆ ಐದು. ಆಮೇಲೆ ಬೀಗರಿಗೆಲ್ಲ ಲಗ್ನಪತ್ರಿಕೆಯೇ ಬೀಸಣಿಗೆ.

ನನಗಿಂತ ಮುಂಚೆ ಮೂವರು ಕೈ ಹಾಕಿದ್ದರು. ಒಬ್ಬರು ಎರಡು ಕಂಪ್ರೆಸರ್ ಬದಲಿಸಿದರು. ಇನ್ನೊಬ್ಬರು ಗ್ಯಾಸ್ ಪೂರ್ತಿ ತೆಗೆದು ಹೊಸದು ತುಂಬಿದರು. ಮೂರನೆಯವರು ಐದನೇ ಮಿಷನ್ ಜೊತೆಗೆ ದೊಡ್ಡ ಜನರೇಟರ್ ಸೇರಿಸಿ 13 ಲಕ್ಷದ ಕೊಟೇಶನ್ ಕೊಟ್ಟು ಹೋದರು. ನಾನು ಮುಗಿಸಿದ್ದು ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರದಲ್ಲಿ. ಅದರಲ್ಲಿ ನನ್ನ ದಡ್ಡತನದ ಖರ್ಚು ಸೇರಿಲ್ಲ. ಅದು ಬೇರೆ ಇದೆ, ಹೇಳುತ್ತೇನೆ.

ಮೊದಲ ದಿನ ಗೇಜ್ ಹಾಕಿದಾಗ ಹೆಡ್, ಅಂದರೆ ಕಂಪ್ರೆಸರಿನಿಂದ ಹೊರಡೋ ಗ್ಯಾಸಿನ ಒತ್ತಡ, 380 ಪಿಎಸ್‌ಐ ಮೇಲೆ. ಹೊರಗಿನ ಬಿಸಿ 36 ಡಿಗ್ರಿ. ಔಟ್‌ಡೋರಿನಲ್ಲಿ ಬಿಸಿ ಹೊರಬಿಡೋ ಕಾಯಿಲ್ ನೋಡಿದರೆ ಕರ್ರಗೆ ಮಸಿ. ಸುತ್ತ ಆಲೆಮನೆಗಳು, ಒಲೆಗೆ ರಚ್ಚು, ಅಂದರೆ ಕಬ್ಬು ಹಿಂಡಿದ ಸಿಪ್ಪೆ, ಉರಿಸ್ತಾರೆ. ಆ ಬೂದಿ, ಮಸಿ ಎಲ್ಲ ಕಾಯಿಲ್‌ನ ತೆಳು ತಗಡುಗಳ, ಅಂದರೆ ಫಿನ್ ಒಳಗೆ ಕೂತಿದೆ. ಮೈಸೂರಿನಲ್ಲಿ ನಾವು ನೋಡೋ ಧೂಳಲ್ಲ ಇದು, ಜಿಡ್ಡಿನ ಮಸಿ. ಬರೀ ನೀರಿಗೆ ಬಿಡೋದಿಲ್ಲ. ಕಾಯಿಲ್ ಕ್ಲೀನರ್ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ. ಏನು ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಎಂಟೂ ತೊಳೆದೆವು. ಹೆಡ್ 380ರಿಂದ 355ಕ್ಕೆ ಇಳಿಯಿತು. ಅಷ್ಟೇ. ಮುಂದಿನ ಮದುವೆಗೆ ಮತ್ತೆ ಟ್ರಿಪ್.

ಆಗ ಮಾಡಿದ್ದೇ ದಡ್ಡತನ. ಗೊಬ್ಬರದಂಗಡಿಯಲ್ಲಿ ಪಾಲಿಹೌಸಿಗೆ ಹಾಕೋ ಫಾಗರ್ ನಾಜಲ್ ಸಿಗುತ್ತಲ್ಲ, ಅದನ್ನು ತಂದು ಔಟ್‌ಡೋರ್ ಹಿಂದೆ ಸಾಲಾಗಿ ಕಟ್ಟಿದೆ. ಬೋರ್‌ವೆಲ್ ನೀರು. ಐದೇ ನಿಮಿಷಕ್ಕೆ ಹೆಡ್ 290. ಮಂಟಪದ ಮಾಲೀಕರು ಗೌಡ್ರು ಬೆನ್ನು ತಟ್ಟಿ ಕಾಫಿ ಕುಡಿಸಿದರು. ನಾನೂ ಊರೆಲ್ಲ ಹೇಳಿಕೊಂಡು ಬಂದೆ. ಆರು ವಾರಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಗಡಸು ನೀರು ಆರಿದರೆ ಉಪ್ಪು ಎಲ್ಲಿಗೆ ಹೋಗುತ್ತೆ? ನನಗೆ ಗೊತ್ತಿರಲಿಲ್ಲ ಅಂತಲ್ಲ, ಅಷ್ಟು ಬೇಗ ಆಗುತ್ತೆ ಅಂದುಕೊಂಡಿರಲಿಲ್ಲ. ಉಜ್ಜಲು ಹೋದರೆ ಫಿನ್ ಪುಡಿಪುಡಿ. ಎರಡು ಕಾಯಿಲ್ ಹೊಸದು ಹಾಕಬೇಕಾಯಿತು. ಎಪ್ಪತ್ತು ಸಾವಿರ ಚಿಲ್ಲರೆ. ಅರ್ಧ ನಾನೇ ಕೊಟ್ಟೆ. ಮನೆಯಲ್ಲಿ ಆ ತಿಂಗಳು ಚೀಟಿ ದುಡ್ಡು ಕಟ್ಟಲಿಲ್ಲ.

ಆಮೇಲೆ ಎಗ್ಸಾಸ್ಟ್ ಫ್ಯಾನ್ ಪ್ರಯೋಗ. ಔಟ್‌ಡೋರ್ ಇಟ್ಟಿದ್ದ ಸಂದಿಯ ಎರಡೂ ತುದಿಗೆ ದೊಡ್ಡ ಫ್ಯಾನ್ ಕೂರಿಸಿದೆ. ಏನೂ ಉಪಯೋಗ ಆಗಲಿಲ್ಲ. ಫ್ಯಾನ್ ವಾಪಸ್ ತಂದು ಬನ್ನಿಮಂಟಪದ ಒಂದು ಗೋಡೌನಿಗೆ ಮಾರಿದೆ, ನಾಲ್ಕು ಸಾವಿರ ನಷ್ಟ.

ಸಂದಿ ಹೇಗಿತ್ತು ಅಂತ ಹೇಳಲೇಬೇಕು. ಕಟ್ಟಡದ ಗೋಡೆಗೂ ಏಳಡಿ ಕಾಂಪೌಂಡಿಗೂ ನಡುವೆ ಆರಡಿ ಜಾಗ. ಎಂಟೂ ಔಟ್‌ಡೋರ್ ಸಾಲಾಗಿ, ಬೆನ್ನು ಕಟ್ಟಡಕ್ಕೆ, ಫ್ಯಾನ್ ಕಾಂಪೌಂಡಿಗೆ. ಫ್ಯಾನಿನಿಂದ ಕಾಂಪೌಂಡಿಗೆ ಮೂರಡಿ ಇದ್ದರೆ ಹೆಚ್ಚು. ಅದರ ಮೇಲೆ ಗೌಡ್ರು ಪ್ರೀತಿಯಿಂದ ಶೀಟ್ ಹಾಕಿಸಿದ್ದರು, ಮಿಷನ್‌ಗೆ ಬಿಸಿಲು ಮಳೆ ತಾಗಬಾರದು ಅಂತ. ಎಲ್ಲರೂ ನೋಡಿದ್ದೆವು. ಬಿಸಿಗಾಳಿ ಸ್ವಲ್ಪ ವಾಪಸ್ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಎಷ್ಟು ಅಂತ ಯಾರೂ ನೋಡಿರಲಿಲ್ಲ.

ಒಂದು ದಿನ ಆಫೀಸ್ ರೂಮಿನ ದೇವರ ಪಟದ ಮುಂದೆ ಇದ್ದ ಊದುಬತ್ತಿ ಕಟ್ಟು ತಗೊಂಡು ಹತ್ತು ಕಡ್ಡಿ ಒಟ್ಟಿಗೆ ಹಚ್ಚಿದೆ. ನನ್ನ ಹುಡುಗ, "ಅಣ್ಣ, ಮಿಷಿನ್‌ಗೆ ಪೂಜೆ ಮಾಡ್ತೀರಾ?" ಅಂದ. ಕಡ್ಡಿಯನ್ನು ಫ್ಯಾನ್ ಮುಂದೆ ಹಿಡಿದೆ. ಹೊಗೆ ಕಾಂಪೌಂಡಿಗೆ ಬಡಿಯಿತು, ಮೇಲೆ ಹೋಯಿತು, ಶೀಟಿಗೆ ತಾಗಿತು, ತಿರುಗಿ ಮಿಷನ್ ತಲೆಯ ಮೇಲಿಂದ ಬಂದು ಹಿಂದಿನ ಕಾಯಿಲ್ ಒಳಗೆ ನುಗ್ಗಿತು. ಹೆಚ್ಚುಕಮ್ಮಿ ಪೂರ್ತಿ. ಹೊರಗೆ ಹೋಗಿದ್ದು ಎಲ್ಲೋ ಒಂದು ಎಳೆ. ಕಾಯಿಲ್ ಹಿಂದೆ ಥರ್ಮಾಮೀಟರ್ ಇಟ್ಟರೆ 49 ಡಿಗ್ರಿ. ರಸ್ತೆಯಲ್ಲಿ 36. ಮಿಷನ್ ತನ್ನ ಉಸಿರನ್ನೇ ತಾನು ಕುಡಿಯುತ್ತಿತ್ತು. ಪಾಪ, ಕಂಪ್ರೆಸರ್ ಏನು ಮಾಡೀತು?

ಔಟ್‌ಡೋರ್ ಎಲ್ಲ ಟೆರೇಸಿಗೆ ಎತ್ತಿದರೆ ಸಲೀಸು, ಆದರೆ ತಾಮ್ರದ ಪೈಪ್, ಕೇಬಲ್, ಕ್ರೇನ್ ಸೇರಿ ನಾಲ್ಕು ಲಕ್ಷ ದಾಟುತ್ತಿತ್ತು. ಗೌಡ್ರು ಕೇಳಿಯೇ ಎದ್ದು ಹೋದರು. ಅದಕ್ಕೆ ಫ್ಯಾನ್ ಮುಂದೆ ಜಿಐ ಶೀಟಿನ ಬೆಂಡ್ ಕೂರಿಸಿ, ಬಿಸಿಗಾಳಿಯನ್ನು ಕಾಂಪೌಂಡ್ ಮೇಲಿಂದ ಆಚೆ ಎಸೆಯೋಣ ಅಂದೆ. ನನ್ನ ಹುಡುಗ ಅದಕ್ಕೆ ಆನೆ ಸೊಂಡಿಲು ಅಂತ ಹೆಸರಿಟ್ಟ. ಅದೇ ನಿಂತಿದೆ. ಪರಿಚಯದ ಇಬ್ಬರು ಕಾಂಟ್ರಾಕ್ಟರ್‌ಗಳಿಗೆ ಹೇಳಿದರೆ ನಕ್ಕರು. "ಪ್ರೊಪೆಲ್ಲರ್ ಫ್ಯಾನಿಗೆ ಡಕ್ಟ್ ಹಾಕ್ತೀಯಾ? ಮೋಟಾರ್ ಸುಟ್ಟುಹೋಗುತ್ತೆ" ಅಂದರು. ಗೌಡ್ರ ಭಾವಮೈದ ಒಬ್ಬ ಎಂಜಿನಿಯರ್, ಅವನೂ ಬೇಡ ಅಂದ.

ಮೊದಲನೇ ಸೊಂಡಿಲು ಅವರ ಮಾತನ್ನೇ ನಿಜ ಮಾಡಿತು. ಫ್ಯಾನ್ ಅಳತೆಗೆ ಸರಿಯಾಗಿ ಮಾಡಿಸಿ, ಮೇಲೆ ಸ್ವಲ್ಪ ಕಿರಿದು ಮಾಡಿದ್ದೆ, ಗಾಳಿ ರಭಸವಾಗಿ ಹೋಗಲಿ ಅಂತ. ಗಾಳಿಯೇ ಕಮ್ಮಿಯಾಯಿತು. ಹೆಡ್ ಮತ್ತೆ 390. ಆರು ಸಾವಿರದ ಶೀಟ್ ಗುಜರಿಗೆ. ಎರಡನೆಯದನ್ನು ತಿರುಗಿಸಿ ಯೋಚಿಸಿದೆ. ಬಾಯಿ ಫ್ಯಾನಿಗಿಂತ ದೊಡ್ಡದು, ಮೇಲಕ್ಕೆ ಹೋದ ಹಾಗೆ ಇನ್ನೂ ಅಗಲ, ಮೂಲೆ ಚೌಕ ಇಲ್ಲದೆ ದುಂಡಗೆ, ಒಳಗೆ ಗಾಳಿ ತಿರುಗಿಸಲು ಎರಡು ಪಟ್ಟಿ. ಆ ಪಟ್ಟಿ ಎಲ್ಲಿ, ಎಷ್ಟು ಓರೆ ಅನ್ನೋದನ್ನು ಬಿಟ್ಟು ಉಳಿದಿದ್ದೆಲ್ಲ ಹೇಳಿದ್ದೇನೆ. ಅದಕ್ಕೆ ನಾನು ಐದು ಸಲ ಶೀಟ್ ಕತ್ತರಿಸಿದ್ದೇನೆ, ನೀವೂ ಒಂದೆರಡು ಸಲ ಕತ್ತರಿಸಿ. ಶೀಟಿನ ದಪ್ಪ 24 ಗೇಜ್ ಸಾಕು. ಮೈಸೂರಿನ ಹೆಬ್ಬಾಳದಲ್ಲಿ ಮಾಡಿಸಿದೆ, ಒಂದಕ್ಕೆ ಆರೂವರೆ ಸಾವಿರ ಬಿತ್ತು.

ಎಂಟನ್ನೂ ಕೂರಿಸಿದ್ದು ಆಷಾಢದಲ್ಲಿ, ಮಂಟಪ ಖಾಲಿ ಇದ್ದಾಗ. ಮೇಲಿನ ಶೀಟ್ ತೆಗೆಸಿದೆ. "ಬಿಸ್ಲು ಬೀಳ್ತದಲ್ಲಪ್ಪ" ಅಂತ ಗೌಡ್ರು ಗೊಣಗಿದರು. ಬಿಸಿಲು ಬೀಳಲಿ ಗೌಡ್ರೆ, ಡಬ್ಬದ ಮೇಲೆ ಬೀಳೋ ಬಿಸಿಲಿಗಿಂತ ಒಳಗೆ ನುಗ್ಗೋ ಬಿಸಿಗಾಳಿ ಹತ್ತು ಪಾಲು ಕೆಟ್ಟದ್ದು ಅಂದೆ. ಒಪ್ಪಲಿಲ್ಲ, ಸುಮ್ಮನಾದರು.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಲಗ್ನಗಳಲ್ಲಿ ಎಚ್‌ಪಿ ಟ್ರಿಪ್ ನಿಂತಿತು, ಆದರೆ ಕರೆಂಟ್ ಹೋಗಿ ಜನರೇಟರ್ ಬಂದ ಮೂರೇ ನಿಮಿಷಕ್ಕೆ ಜನರೇಟರ್ ಮುಗ್ಗರಿಸುತ್ತಿತ್ತು. 125 ಕೆವಿಎ ಇದೆ. ಎಲ್ಲಾ ಓಡುವಾಗ ಎಸಿಯ ಲೋಡ್ ನೂರು ಆಂಪ್ ಆಸುಪಾಸು. ಸಾಕಾಗಬೇಕು ಅಲ್ವಾ? ಎಲ್ಲರೂ ಜನರೇಟರ್ ಚಿಕ್ಕದು ಅಂದರು. ನಾನು ಗಡಿಯಾರ ನೋಡುತ್ತಾ ನಿಂತೆ. ಸರಿಯಾಗಿ ಮೂರು ನಿಮಿಷ. ಕಂಪ್ರೆಸರ್ ಕಾಪಾಡಲು ಪ್ರತಿ ಮಿಷನ್ ಒಳಗೂ ಮೂರು ನಿಮಿಷದ ಡಿಲೇ ಇದೆ. ಎಂಟೂ ಒಂದೇ ಕ್ಷಣಕ್ಕೆ ಎಣಿಸಲು ಶುರು ಮಾಡಿ, ಎಂಟೂ ಒಂದೇ ಕ್ಷಣಕ್ಕೆ ಎದ್ದೇಳುತ್ತಿದ್ದವು. ಒಂದೊಂದು ಏಳುವಾಗ 65-70 ಆಂಪ್ ಎಳೆದರೆ ಎಂಟಕ್ಕೆ ಐನೂರು ದಾಟಿತು. ಕಂಪ್ರೆಸರ್ ಕಾಯುವ ಡಿಲೇನೇ ಜನರೇಟರ್ ಬೀಳಿಸುತ್ತಿತ್ತು. ಕಂಟ್ರೋಲ್ ಲೈನಿಗೆ ಎಂಟು ಟೈಮರ್ ಹಾಕಿ ಒಂದಕ್ಕೊಂದು 25 ಸೆಕೆಂಡ್ ಅಂತರ ಕೊಟ್ಟೆ. ಟೈಮರ್ ಒಂದಕ್ಕೆ ಒಂಬೈನೂರು. ಅದೇ ಹಳೇ ಜನರೇಟರ್ ಈಗ ಸ್ವಲ್ಪ ಕೆಮ್ಮಿ ಎಳೆದುಕೊಂಡು ಹೋಗುತ್ತೆ.

ಇನ್ನೊಂದು, ಫೇಸ್. ಮೂರನೇ ಮಿಷನ್ನಿನ ಕಂಪ್ರೆಸರ್ ಎರಡು ಸಲ ಯಾಕೆ ಸುಟ್ಟಿತ್ತು ಅಂತ ಯಾರೂ ಕೇಳಿರಲಿಲ್ಲ. ಮದುವೆ ದಿನ ಕರೆಂಟ್ ಅಳೆಯೋ ಟಾಂಗ್ ಟೆಸ್ಟರ್ ಹಾಕಿದರೆ ಮೂರು ಫೇಸಲ್ಲಿ 10, ಹನ್ನೆರಡೂವರೆ, 14 ಆಂಪ್. ಖಾಲಿ ದಿನ ಹಾಕಿದರೆ ಮೂರೂ ಸಮ. ವೋಲ್ಟೇಜ್ ನೋಡಿದೆ: 388, 402, 412. ನೂರಕ್ಕೆ ಮೂರರಷ್ಟು ಏರುಪೇರು, ನೋಡಿದರೆ ಏನೂ ಅಲ್ಲ ಅನಿಸುತ್ತೆ. ಆದರೆ ಮೋಟಾರಿನ ಕರೆಂಟಲ್ಲಿ ಅದು ಆರೇಳು ಪಟ್ಟಾಗಿ ಕಾಣುತ್ತೆ. ಹುಡುಕಿದರೆ ಡೆಕೋರೇಷನ್ ಹುಡುಗರು. ಸೀರಿಯಲ್ ಸೆಟ್, ಸ್ಟೇಜ್ ಲೈಟ್, ಪಾತ್ರೆ ತೊಳೆಯೋ ಕಡೆಯ ಗೀಸರ್, ಎಲ್ಲಾ ಬಾಗಿಲ ಹತ್ತಿರದ ಒಂದೇ ಬೋರ್ಡಿಗೆ, ಒಂದೇ ಫೇಸಿಗೆ. ಅವರಿಗೇ ಅಂತ ಮೂರು ಫೇಸಿನ ಬೇರೆ ಬೋರ್ಡ್ ಮಾಡಿ, ಒಂದೊಂದು ಸಾಕೆಟ್ಟಿಗೆ ಕೆಂಪು ಹಳದಿ ನೀಲಿ ಬಣ್ಣ ಬಳಿದೆ. ಹಳೇ ಬೋರ್ಡ್ ಕಿತ್ತೆ. ಹೇಳಿದರೆ ಕೇಳೋ ಜನ ಅಲ್ಲ ಅವರು, ಕಿತ್ತಿದ್ದೇ ಸರಿ. ನ್ಯೂಟ್ರಲ್ ಜಾಯಿಂಟ್ ಒಂದು ಕಪ್ಪಗೆ ಕರಟಿತ್ತು, ಅದನ್ನೂ ಬದಲಿಸಿದೆ.

ಊದುಬತ್ತಿ ಹುಚ್ಚು ಹಿಡಿದ ಮೇಲೆ ಎಲ್ಲಾ ಕಡೆ ಹಚ್ಚಿ ನೋಡಿದೆ. ಊಟದ ಹಾಲ್ ಬಾಗಿಲಲ್ಲಿ ಹಿಡಿದರೆ ಹೊಗೆ ಓಡಿಹೋಗಿ ಅಡುಗೆಮನೆ ಸೇರಿತು. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನುಗಳು ನಮ್ಮ ತಂಪುಗಾಳಿಯನ್ನೇ ಎಳೆದು ಹೊರಗೆ ಹಾಕುತ್ತಿದ್ದವು. ಫ್ಯಾನಿಗೆ ಹೊರಗಿನ ಗಾಳಿ ಸಿಗಲಿ ಅಂತ ಅಡುಗೆಮನೆಯ ಹಿಂದಿನ ಕಿಟಕಿ ಎರಡನ್ನು ತೆರೆಸಿದ್ದಷ್ಟೇ, ಖರ್ಚು ಸೊನ್ನೆ. ಬೆಕ್ಕು ಬರುತ್ತೆ ಅಂತ ಭಟ್ಟರು ಜಗಳ ಮಾಡಿದರು. ಮೆಷ್ ಹಾಕಿಸಿಕೊಟ್ಟೆ.

ಇದೇ ಧೈರ್ಯದಲ್ಲಿ ಮೈಸೂರಿನ ದೇವರಾಜ ಅರಸ್ ರಸ್ತೆಯ ಒಂದು ಸೀರೆ ಅಂಗಡಿಗೂ ಹೋಗಿದ್ದೆ. ಅಲ್ಲಿ ಗಾಳಿಯದಲ್ಲ ತೊಂದರೆ. 50 ವ್ಯಾಟಿನ ಹ್ಯಾಲೊಜೆನ್ 120 ಇದ್ದವು. ಆರು ಕಿಲೊವ್ಯಾಟ್, ಅಂದರೆ ಒಂದೂಮುಕ್ಕಾಲು ಟನ್ ಎಸಿ ಬರೀ ಲೈಟ್ ತಣ್ಣಗೆ ಮಾಡಲು ದುಡಿಯುತ್ತಿತ್ತು. 7 ವ್ಯಾಟಿನ ಎಲ್‌ಇಡಿ ಹಾಕಿ ಅಂದೆ. ಜರಿ ಹೊಳೆಯೋದಿಲ್ಲ ಅಂತ ಮಾಲೀಕರು ಅರ್ಧ ಮಾತ್ರ ಬದಲಿಸಿದರು. ಅರ್ಧ ತಂಪು ಸಿಕ್ಕಿದೆ.

ಮಂಟಪಕ್ಕೆ ನಿಜವಾದ ಪರೀಕ್ಷೆ ಈ ವೈಶಾಖದಲ್ಲಿ. ಮಂಡ್ಯದಲ್ಲಿ 38 ಡಿಗ್ರಿ, ಹಾಲ್‌ನಲ್ಲಿ 600ರ ಜಾಗದಲ್ಲಿ ಎಂಟುನೂರು ಜನ ಇರಬೇಕು. ಒಬ್ಬೊಬ್ಬರೂ ನೂರು ವ್ಯಾಟಿನ ಬಲ್ಬ್ ಇದ್ದ ಹಾಗೆ ತಾನೆ. ಅದಕ್ಕೆ ಬೆಳಿಗ್ಗೆ ಐದೂವರೆಗೇ ಎಸಿ ಹಾಕಿಸಿದ್ದೆ, ಗೋಡೆ, ನೆಲ ಮೊದಲೇ ತಣ್ಣಗಾಗಲಿ ಅಂತ. ಖಾಲಿ ಹಾಲ್‌ಗೆ ಎಸಿಯಾ ಅಂತ ಗೌಡ್ರು ಎರಡು ಸಲ ಬಂದು ಆಫ್ ಮಾಡಿದರು, ಎರಡು ಸಲ ನಾನು ಆನ್ ಮಾಡಿದೆ. ಮಧ್ಯಾಹ್ನ ಒಂದೂವರೆಗೆ ಕಾಯಿಲ್ ಹಿಂದೆ 39, ಹೆಡ್ 285-290. ಹಾಲ್ 25. ಎಂಟೂ ಓಡುತ್ತಿವೆ, ಫ್ಯಾನ್ ಮೋಟಾರ್ ಒಂದೂ ಸುಟ್ಟಿಲ್ಲ. ಭಾವಮೈದ ಎಂಜಿನಿಯರ್ ಸಂದಿಗೆ ಹೋಗಿ ಸೊಂಡಿಲಿನ ಫೋಟೊ ತೆಗೆದುಕೊಳ್ಳುತ್ತಿದ್ದ. ನಾನು ನೋಡಿಯೂ ನೋಡದ ಹಾಗೆ ಎರಡನೇ ಪಂಕ್ತಿಗೆ ಕೂತೆ.

ಕೊನೆಯ ಬಿಲ್ಲಿನಲ್ಲಿ 22 ಸಾವಿರ ಇನ್ನೂ ಬಾಕಿ ಇದೆ. ಮೊನ್ನೆ ಕೇಳಿದರೆ, "ಆಷಾಢ ಕಣಪ್ಪ, ಮಂಟಪ ಖಾಲಿ ಹೊಡೀತಾ ಅದೆ. ಶ್ರಾವಣ ಬರ್ಲಿ" ಅಂದರು ಗೌಡ್ರು. ಸಂದಿಯ ಮೇಲೆ ಮತ್ತೆ ಶೀಟ್ ಹಾಕಿಸುವ ಮಾತನ್ನೂ ಜೊತೆಗೇ ತೆಗೆದರು.