ಕಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ವ್ಯಾಯಾಮ ಮಾಡುವುದು ಹೇಗೆ?

ಕಣಕಾಲಿನ ಮೂಳೆ ಮುರಿದು ಪ್ಲೇಟು, ಸ್ಕ್ರೂ ಹಾಕಿಸಿಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವಾಗ ನಡೆಯಬಹುದು ಎಂದು. ಆದರೆ ಹೆಚ್ಚು ಗಮನ ಬೇಡುವುದು ಪಾದವನ್ನು ಮೊಣಕಾಲಿನತ್ತ ಮೇಲಕ್ಕೆ ಬಾಗಿಸುವ ಚಲನೆ. ವಾರಗಟ್ಟಲೆ ಪ್ಲಾಸ್ಟರಿನಲ್ಲಿದ್ದ ಕೀಲು ಈ ದಿಕ್ಕಿನಲ್ಲಿ ಬಿಗಿದುಕೊಳ್ಳುತ್ತದೆ. ಮೆಟ್ಟಿಲಿಳಿಯಲು, ಕುಕ್ಕರುಗಾಲಿನಲ್ಲಿ ಕೂರಲು ಬೇಕಾಗುವುದೂ ಇದೇ ಚಲನೆ.

ಮೊದಲ 2 ವಾರ ಗಾಯ ಮಾಯುವ ಕಾಲ. ಮಲಗಿದಾಗ ಪಾದವು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರುವಂತೆ ದಿಂಬುಗಳನ್ನಿಟ್ಟು, ಕಾಲ್ಬೆರಳು ಮತ್ತು ಮಂಡಿಯನ್ನು ಆಗಾಗ ಆಡಿಸಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು, ಊತ ಕಂಡರೆ ಅಥವಾ ಉಸಿರು ಕಟ್ಟಿದಂತಾದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುವುದರಿಂದ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೀಲನ್ನು ಆಡಿಸಲು ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆ, ಕಾಲು ಚಾಚಿ ಕುಳಿತು ಪಾದವನ್ನು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ 10 ಬಾರಿ ಬಾಗಿಸಿ. ನಂತರ ಅಂಗಾಲಿನ ಮುಂಭಾಗಕ್ಕೆ ಟವೆಲ್ ಸುತ್ತಿ, ಅದರ ಎರಡೂ ತುದಿಗಳನ್ನು ನಿಮ್ಮತ್ತ ಎಳೆದು 20ರಿಂದ 30 ಸೆಕೆಂಡು ಹಿಡಿಯಿರಿ. ಇದನ್ನು ಒಮ್ಮೆ ಮಂಡಿ ನೇರವಾಗಿಟ್ಟು, ಇನ್ನೊಮ್ಮೆ ಅದರ ಕೆಳಗೆ ದಿಂಬಿಟ್ಟು ಸ್ವಲ್ಪ ಮಡಿಸಿ ಮಾಡುವುದು ಅಗತ್ಯ. ಮೀನಖಂಡದ ಮೇಲ್ಪದರದ ಸ್ನಾಯು ಮಂಡಿಯನ್ನು ದಾಟಿ ತೊಡೆಮೂಳೆಗೆ ಅಂಟಿಕೊಂಡಿದ್ದರೆ, ಒಳಪದರದ ಸ್ನಾಯು ಮಂಡಿಯ ಕೆಳಗೇ ನಿಲ್ಲುತ್ತದೆ. ಮಂಡಿ ಮಡಿಸದೆ ಹಿಗ್ಗಿಸಿದರೆ ಒಳಗಿನದಕ್ಕೆ ಸಾಕಷ್ಟು ಎಳೆತ ಸಿಗುವುದಿಲ್ಲ. ಎಳೆತದ ಅನುಭವ ಸಹಜ. ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು.

ಭಾರ ಹಾಕುವ ಸಮಯವನ್ನು ಎಕ್ಸ್‌ರೇ ನೋಡಿ ವೈದ್ಯರೇ ಹೇಳಬೇಕು. ಅನೇಕರಿಗೆ ಅದು ಸುಮಾರು 6 ವಾರಗಳ ನಂತರ. ತೂಕದ ಯಂತ್ರದ ಮೇಲೆ ಪಾದವಿಟ್ಟು ಒತ್ತಿದರೆ, ಅನುಮತಿಸಿದ ಕಿಲೋ ಎಷ್ಟೆಂಬುದು ಕಾಲಿಗೆ ಅಭ್ಯಾಸವಾಗುತ್ತದೆ. ಒಂದೇ ಕೋಲು ಸಾಕೆನ್ನುವ ಹಂತದಲ್ಲಿ ಅದು ಆರೋಗ್ಯವಂತ ಕಾಲಿನ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಆ ಕಾಲನ್ನೂ, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲನ್ನೂ ಮುಂದಿಡಬೇಕು.

ಪೂರ್ತಿ ಭಾರ ಹಾಕಲು ಅನುಮತಿ ಸಿಕ್ಕ ಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿಗಳನ್ನು ಎತ್ತುವುದು, ಶಕ್ತಿ ಬಂದಂತೆ ಒಂದೇ ಕಾಲಿನಲ್ಲಿ ಎತ್ತುವುದು ಮುಂದಿನ ಹಂತ. ಒಂಟಿಕಾಲಿನಲ್ಲಿ 30 ಸೆಕೆಂಡು ನಿಲ್ಲುವ ಅಭ್ಯಾಸವನ್ನು ನೋವು ಹೋಯಿತೆಂದು ಬಿಟ್ಟುಬಿಡುವವರೇ ಹೆಚ್ಚು. ಪಾದ ಹೊರಳುವ ಮೊದಲೇ ಎಚ್ಚರಿಸುವ ಕೀಲಿನ ಸ್ಥಾನಪ್ರಜ್ಞೆ ಮರಳುವುದು ಇಂಥ ಅಭ್ಯಾಸದಿಂದಲೇ ಆದ್ದರಿಂದ ಇದನ್ನು ದಯವಿಟ್ಟು ಕೈಬಿಡಬೇಡಿ. ಸಂಜೆಯ ಊತ ಕೆಲವು ತಿಂಗಳು ಉಳಿಯಬಹುದು. ಅದು ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ಅಂದಿನ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ, ಫಿಸಿಯೋಥೆರಪಿಸ್ಟರಿಗೆ ತಿಳಿಸಿ.