ಒಸಾಕಾದ ‘ಹಾಯ್’, ನಮ್ಮ ‘ನೋಡೋಣ’

ನಾನು ನಡೆಸಿದ ಮೊದಲ ಸಾಫ್ಟ್‌ವೇರ್ ತಂಡದಲ್ಲಿ ಎಂಟು ಜನ ಇದ್ದರು. ಎಲ್ಲರೂ ಮೈಸೂರು, ಮಂಡ್ಯ, ಹಾಸನದ ಕಡೆಯವರು. ಒಂದೇ ಮಹಡಿಯಲ್ಲಿ ಕೂರುತ್ತಿದ್ದೆವು. ಯಾರಾದರೂ ‘ನೋಡೋಣ ಸಾರ್’ ಅಂದರೆ ಆ ಕೆಲಸ ಆಗಲ್ಲ ಅಂತಲೇ ಅರ್ಥ. ಸಂಜೆ ಕಾಫಿಗೆ ಕರೆದುಕೊಂಡು ಹೋಗಿ ‘ಏನಪ್ಪಾ, ಏನು ತೊಂದರೆ?’ ಅಂದರೆ ಸಾಕು, ಅಸಲಿ ವಿಷಯ ಹೊರಗೆ ಬರುತ್ತಿತ್ತು. ತಂಡ ನಡೆಸುವುದು ಅಂದರೆ ಮುಖ ಓದುವುದು ಅಂತ ನಾನು ನಂಬಿದ್ದೆ.

ಆಮೇಲೆ ಬೆಂಗಳೂರು, ಜಪಾನಿನ ಒಸಾಕಾ, ಜರ್ಮನಿಯ ಮ್ಯೂನಿಕ್‌ಗೆ ಹಂಚಿಹೋದ ತಂಡ ನನ್ನ ಕೈಗೆ ಬಂತು. ಪರದೆ ಮೇಲೆ ಅಂಗೈಯಗಲದ ಚೌಕಗಳು. ಅರ್ಧ ಜನರ ಕ್ಯಾಮೆರಾ ಆಫ್.

ಏಪ್ರಿಲ್‌ನಲ್ಲಿ ಒಂದು ಡೇಟಾಬೇಸ್ ಬದಲಾವಣೆಯ ಪ್ಲಾನ್ ಇಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡಿದೆ. ಒಸಾಕಾದ ಹಿರಿಯ ಇಂಜಿನಿಯರ್ ನನ್ನ ಪ್ರತಿ ಮಾತಿಗೂ ‘ಹಾಯ್, ಹಾಯ್’ ಅಂದರು, ಜಪಾನಿ ಭಾಷೆಯಲ್ಲಿ ‘ಹೌದು’ ಅಂತ. ಕೊನೆಗೆ ‘ಪರಿಶೀಲಿಸುತ್ತೇವೆ’ ಅಂದರು. ಒಪ್ಪಿಗೆ ಸಿಕ್ಕಿತು ಅಂದುಕೊಂಡೆ. ಗಡುವು ಬಂದಾಗ ಕೆಲಸ ಶುರುವೇ ಆಗಿರಲಿಲ್ಲ. ಸಿಟ್ಟಿನಲ್ಲಿ ಖಾರವಾದ ಮೇಲ್ ಬರೆದು, ಅವರ ಮೇಲಧಿಕಾರಿಗೂ ಕಳಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು.

ಜಪಾನಿನಲ್ಲಿ ವರ್ಷಗಟ್ಟಲೆ ಇದ್ದ ನಮ್ಮ ಕನ್ನಡದವರೊಬ್ಬರು ಬಿಡಿಸಿ ಹೇಳಿದರು. ಆ ‘ಹಾಯ್’ ಬರೀ ಒಪ್ಪಿಗೆಯ ಮಾತಲ್ಲ. ಕಥೆ ಕೇಳುವಾಗ ನಾವು ಹೂಂಗುಟ್ಟುತ್ತೇವಲ್ಲ, ಹಾಗೆ. ಇನ್ನು ‘ಕೆಂತೋ ಶಿಮಾಸು’, ಅಂದರೆ ‘ಪರಿಶೀಲಿಸುತ್ತೇವೆ’ ಅನ್ನುವುದು ಎಷ್ಟೋ ಸಲ ಮರ್ಯಾದೆಯಿಂದ ಹೇಳುವ ‘ಇಲ್ಲ’. ನಮ್ಮ ‘ನೋಡೋಣ’ವೇ ಅಲ್ವಾ ಅದು!

ಆ ಇಂಜಿನಿಯರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ನಾನು ಕೊಟ್ಟ ಗಡುವು ಏಪ್ರಿಲ್ 29ರಿಂದ ಮೇ 5ರ ನಡುವೆ ಬಿದ್ದಿತ್ತು. ಅದು ಅಲ್ಲಿನ ಗೋಲ್ಡನ್ ವೀಕ್, ಸಾಲು ರಜೆ. ಎಲ್ಲರೆದುರು ನನ್ನ ಮಾತು ತಳ್ಳಿಹಾಕಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಮ್ಯೂನಿಕ್ ಪೂರ್ತಿ ಉಲ್ಟಾ. ಅಲ್ಲಿನ ಸಹೋದ್ಯೋಗಿ ಎಲ್ಲರ ಮುಂದೆಯೇ ನಮ್ಮ ಹುಬ್ಬಳ್ಳಿ ಹುಡುಗನ ಕೋಡ್ ತೋರಿಸಿ ‘ಇದು ತಪ್ಪು’ ಅಂದರು. ಅವನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಕೆ ಹೇಳಿದ್ದು ಕೋಡ್ ಬಗ್ಗೆ, ಅವನ ಬಗ್ಗೆ ಅಲ್ಲ. ‘ಹಾಗಾದರೆ ತಪ್ಪನ್ನು ಯಾವಾಗ ಹೇಳಲಿ?’ ಅಂತ ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಕೋಡ್‌ನ ತಪ್ಪುಗಳನ್ನು ಕಾರಣದ ಸಮೇತ ಬರೆದು ತಿಳಿಸುವುದು ಅಂತ ಮೂವರೂ ಕೂತು ಮಾತಾಡಿ ಗೊತ್ತು ಮಾಡಿಕೊಂಡೆವು.

ಈಗ ಮೀಟಿಂಗ್‌ಗೆ ಒಂದು ದಿನ ಮೊದಲೇ ವಿಷಯ ಬರೆದು ಕಳಿಸುತ್ತೇನೆ. ಅಭಿಪ್ರಾಯವೂ ಬರಹದಲ್ಲೇ ಬರಬೇಕು. ಕಾಲ್‌ನಲ್ಲಿ ಬಾಯಿಯೇ ಬಿಡದಿದ್ದವರು ಎರಡೆರಡು ಪುಟ ಬರೆದಿದ್ದಾರೆ. ‘ಓಕೆನಾ?’ ಅಂತ ಕೇಳುವುದನ್ನು ಬಿಟ್ಟೇಬಿಟ್ಟೆ. ‘ಇದರಲ್ಲಿ ಮೊದಲು ಯಾವುದು ಕೆಡಬಹುದು?’ ಅಂತ ಕೇಳುತ್ತೇನೆ. ಆ ಪ್ರಶ್ನೆಗೆ ಹೂಂಗುಟ್ಟಿ ಸುಮ್ಮನಿರೋಕೆ ಆಗಲ್ಲ. ಹಳೇ ತಂಡದಲ್ಲೂ ಇದನ್ನು ಮಾಡಬೇಕಿತ್ತು. ಅಲ್ಲಿ ಎಲ್ಲ ಬಾಯಿಮಾತಲ್ಲೇ ಇತ್ತು, ಒಬ್ಬರು ಕೆಲಸ ಬಿಟ್ಟರೆ ಅವರಿಗೆ ಗೊತ್ತಿದ್ದದ್ದೂ ಜೊತೆಗೇ ಹೋಗುತ್ತಿತ್ತು.

ಕಾಲ್ ನಮ್ಮ ಮಧ್ಯಾಹ್ನ 1:30ಕ್ಕೆ. ಆಗ ಒಸಾಕಾದಲ್ಲಿ ಸಂಜೆ 5, ಮ್ಯೂನಿಕ್‌ನಲ್ಲಿ ಚಳಿಗಾಲವಾದರೆ ಬೆಳಿಗ್ಗೆ 9, ಬೇಸಿಗೆಯಾದರೆ 10. ಕಾಫಿಯ ಜಾಗಕ್ಕೆ ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಇಟ್ಟಿದ್ದೇನೆ. ಅದರಲ್ಲಿ ಕೆಲಸದ ಮಾತಿಲ್ಲ.

ಕಳೆದ ತಿಂಗಳು ಒಸಾಕಾದಿಂದ ಎರಡೇ ಸಾಲು ಬಂತು: ‘ಈ ತಾರೀಖಿಗೆ ಆಗುವುದಿಲ್ಲ. ಕಾರಣ ಕೆಳಗಿದೆ.’ ಓದಿ ತುಂಬಾ ಖುಷಿಯಾಯಿತು. ಅವತ್ತೇ ಗಡುವನ್ನು ಎರಡು ವಾರ ಮುಂದಕ್ಕೆ ಹಾಕಿದೆ.